ಕೆರೆಯ ಅಂಗಳದಲ್ಲಿ ನಾನು ಬರೆದ ದಾರಿ

ಕಾಲೇಜಿನ ಕೊನೆಯ ವರ್ಷದಲ್ಲಿ ನಡೆದ ಒಂದು ಚರ್ಚಾಕೂಟದಿಂದ ನನ್ನ ರಸ್ತೆಯ ಹುಚ್ಚು ಹುಟ್ಟಿತು. ದೇಶವನ್ನು ಒಂದುಗೂಡಿಸುವ ಶಕ್ತಿ ರೈಲುದಾರಿಗೆ ಹೆಚ್ಚೋ ರಸ್ತೆಗೆ ಹೆಚ್ಚೋ ಎಂಬುದು ಅಂದಿನ ವಿಷಯ. ನಾನು ರಸ್ತೆಯ ಪಕ್ಷ ವಹಿಸಿದ್ದೆ. ಪೇಷಾವರದಿಂದ ಕಲ್ಕತ್ತೆಗೂ ಬೊಂಬಾಯಿಯಿಂದ ಮದರಾಸಿಗೂ ಮಾತಿನಲ್ಲೇ ರಸ್ತೆ ಹಾಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಕುಳಿತೆ. ಎದುರು ಪಕ್ಷದವನು ಎದ್ದು ಒಂದೇ ಪ್ರಶ್ನೆ ಕೇಳಿದ: "ಮಿತ್ರರು ಕೋಲಾರದ ಕಡೆಯವರು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಈ ನಾಲ್ಕೇ ತಾಲ್ಲೂಕುಗಳಲ್ಲಿ ಬಂಡಿ ಹೋಗಬಲ್ಲ ದಾರಿಗಳು ಎಲ್ಲೆಲ್ಲಿವೆ ಎಂದು ಹೇಳಬಲ್ಲರೆ?"

ನನಗೆ ಗೊತ್ತಿರಲಿಲ್ಲ. ಸಭೆ ನಕ್ಕಿತು. ಬಹುಮಾನ ಅವನಿಗೆ ಹೋಯಿತು. ಅದು ನ್ಯಾಯವೇ ಆಗಿತ್ತು.

ಪದವಿ ಪಡೆದು ಕೋಲಾರದ ಒಂದು ಶಾಲೆಯಲ್ಲಿ ಉಪಾಧ್ಯಾಯನಾದ ಮೇಲೆ ಹಳೆಯ ಸೈಕಲ್ಲೊಂದನ್ನು ಕೊಂಡೆ. ಪ್ರತಿ ಬೇಸಿಗೆಯ ರಜದಲ್ಲಿ ಅದನ್ನೇರಿ ಹೊರಡುತ್ತಿದ್ದೆ. ಅಳತೆಗೆ ನಾನು ಕಂಡುಕೊಂಡ ಉಪಾಯ ಸರಳವಾದದ್ದು. ಮುಂದಿನ ಚಕ್ರದ ಕಡ್ಡಿಗೆ ದಪ್ಪ ಬಟ್ಟೆಯ ಚೂರೊಂದನ್ನು ಕಟ್ಟಿದರೆ, ಚಕ್ರ ಒಂದು ಸುತ್ತು ತಿರುಗಿದಾಗಲೆಲ್ಲ ಅದು ಚಕ್ರ ಹಿಡಿದ ಕಬ್ಬಿಣದ ಕವೆಗೆ ತಗುಲಿ ಸದ್ದು ಮಾಡುತ್ತದೆ. ನೂರು ಸದ್ದಾದಾಗ ಎಡಗಡೆಯ ಜೇಬಿನಿಂದ ಒಂದು ಹುಣಿಸೆಬೀಜ ಬಲಗಡೆಯ ಜೇಬಿಗೆ ಹೋಗುತ್ತಿತ್ತು. ಸಂಜೆ ಬೀಜಗಳನ್ನು ಎಣಿಸಿ, ಗುಣಿಸಿ, ಮೈಲಿಯಾಗಿ ಬರೆಯುತ್ತಿದ್ದೆ. ಜಲ್ಲಿ ಹಾಕಿದ ರಸ್ತೆ, ಗರಸುಮಣ್ಣಿನ ರಸ್ತೆ, ಬರಿಯ ಬಂಡಿಜಾಡು ಎಂದು ಮೂರು ದರ್ಜೆ. ಮೋರಿ, ಸೇತುವೆ, ನೆರಳಿನ ಮರ, ಮೈಲಿಕಲ್ಲು ಎಲ್ಲಕ್ಕೂ ಒಂದೊಂದು ಗುರುತು. ನಾನು ವಿಧಿಸಿಕೊಂಡಿದ್ದ ನಿಯಮ ಒಂದೇ: ನನ್ನ ಚಕ್ರ ಉರುಳದ ದಾರಿಯನ್ನು ಬರೆಯಕೂಡದು.

ಮುಳಬಾಗಿಲನ್ನು ಹಾದು ಸಂಸ್ಥಾನದ ಗಡಿಯವರೆಗೆ ಹೋಗುವ ಮದರಾಸು ರಸ್ತೆಯಿಂದ ಆರಂಭಿಸಿದೆ. ಅದು ದೊಡ್ಡ ರಸ್ತೆ. ಅಲ್ಲಿ ಯಾರೂ ನನ್ನನ್ನು ಗಮನಿಸಲಿಲ್ಲ. ಒಳದಾರಿಗಳಿಗೆ ಇಳಿದಾಗ ಸಂಶಯಗಳು ಎದ್ದವು. ಬೈರಕೂರಿನ ಹತ್ತಿರ ಮಾವಿನ ತೋಪಿನ ನೆರಳಿನಲ್ಲಿ ಕುಳಿತಿದ್ದ ಮುದುಕರೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು.

"ಯಾವ ಖಾತೆಯೋರು ಸ್ವಾಮಿ? ರಸ್ತೆ ಅಗಲ ಮಾಡಾಕೆ ಬಂದ್ರಾ? ನಮ್ ಗಿಡ ಕಡೀತೀರಾ?"

"ಯಾವ ಖಾತೆಯೂ ಅಲ್ಲ ತಾತ. ದಾರಿಗಳನ್ನ ಬರ್ಕೊಳ್ತಿದ್ದೀನಿ."

"ಬರ್ಕೊಂಡು?"

"ಒಂದು ಪುಸ್ತಕ ಮಾಡ್ತೀನಿ."

"ದಾರಿ ಇಲ್ಲೇ ಬಿದ್ದೈತಲ್ಲಪ್ಪ," ಎಂದರು ಅವರು, ನನ್ನ ಮೇಲೆ ಮರುಕಪಟ್ಟವರಂತೆ. "ಅದು ಪುಸ್ತಕದಲ್ಲಿ ಯಾಕೆ? ಸಂಬಳ ಯಾರು ಕೊಡ್ತಾರೆ?"

ಯಾರೂ ಕೊಡುವುದಿಲ್ಲವೆಂದು ತಿಳಿದ ಮೇಲೆ ಅವರು ನನಗೆ ಎರಡು ಮಾವಿನಕಾಯಿ ಕೊಟ್ಟು, ಬಿಸಿಲಿನಲ್ಲಿ ಹೆಚ್ಚು ಅಲೆಯಬೇಡವೆಂದು ಹೇಳಿ ಕಳಿಸಿದರು. ಮನೆಯಲ್ಲಿಯೂ ಅಭಿಪ್ರಾಯ ಹೆಚ್ಚುಕಡಿಮೆ ಅದೇ ಆಗಿತ್ತು. "ಬೇರೆಯವರ ಮನೆ ಗಂಡಸರು ಸಂಜೆ ಸೊಪ್ಪು ತರ್ತಾರೆ," ಎನ್ನುತ್ತಿದ್ದಳು ನನ್ನ ಹೆಂಡತಿ. "ನೀವು ಮೈಲಿ ತರ್ತೀರಿ. ಸಾರಿಗೆ ಹಾಕ್ಲಾ?"

ಆದರೂ ನನ್ನ ಉತ್ಸಾಹ ಕುಗ್ಗಲಿಲ್ಲ. ಯುದ್ಧ ಬಂದು, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಲ್ಲಿ ಓಡಲಾರಂಭಿಸಿದ ದಿನಗಳಲ್ಲಿ, ದೇಶದ ರಸ್ತೆಗಳನ್ನೆಲ್ಲ ರಾಷ್ಟ್ರದ ಹೆದ್ದಾರಿ, ಪ್ರಾಂತದ ರಸ್ತೆ, ಜಿಲ್ಲೆಯ ರಸ್ತೆ, ಹಳ್ಳಿಯ ರಸ್ತೆ ಎಂದು ವಿಂಗಡಿಸುವ ಯೋಚನೆಯಿದೆಯೆಂದು ಪತ್ರಿಕೆಗಳು ಬರೆದವು. ಓದಿ ನನಗೆ ರೋಮಾಂಚನವಾಯಿತು. ಒಬ್ಬೊಬ್ಬ ವಿದ್ಯಾವಂತನು ತನ್ನ ನಾಲ್ಕು ತಾಲ್ಲೂಕುಗಳನ್ನು ಬರೆದರೆ ಇಡೀ ದೇಶದ ದಾರಿಗಳ ಪುಸ್ತಕ ತಾನಾಗಿಯೇ ಸಿದ್ಧವಾಗುತ್ತದೆಂದು ನಂಬಿ, ಬೇರೆ ಜಿಲ್ಲೆಗಳಲ್ಲಿದ್ದ ನನ್ನ ಮೂವರು ಸಹಪಾಠಿಗಳಿಗೆ ಕಾಗದ ಬರೆದೆ. ಇಬ್ಬರು ಒಪ್ಪಿದರು. ಮಾಲೂರು ತಾಲ್ಲೂಕಿನ ಒಳದಾರಿಗಳು, ಮಾಸ್ತಿ ಮತ್ತು ಟೇಕಲ್ ಸುತ್ತಿನವು, ನನಗೆ ಕೊನೆಯಲ್ಲಿ ಉಳಿದಿದ್ದವು. ಅವನ್ನೂ ಒಂದು ಬೇಸಿಗೆಯಲ್ಲಿ ಮುಗಿಸಿ, ನಾಲ್ಕು ತಾಲ್ಲೂಕುಗಳ ನಕ್ಷೆಯನ್ನು ಬಟ್ಟೆ ಅಂಟಿಸಿದ ದೊಡ್ಡ ಕಾಗದದ ಮೇಲೆ ಮೂರು ಬಣ್ಣಗಳಲ್ಲಿ ಬರೆದೆ. ನಮ್ಮ ಕಡೆಯ ರಸ್ತೆಗಳ ವಿಚಾರವನ್ನು ನೋಡಿಕೊಳ್ಳುತ್ತಿದ್ದ ಸಮಿತಿಯೊಂದಿತ್ತು. ಅದರ ಅಧ್ಯಕ್ಷರ ಮುಂದೆ ನಕ್ಷೆಯನ್ನು ಬಿಡಿಸಿ, "ಇದರಲ್ಲಿ ನಾನು ಕಣ್ಣಾರೆ ಕಾಣದ ಒಂದು ಗೆರೆಯೂ ಇಲ್ಲ" ಎಂದು ಭಾಷಣ ಮಾಡಿದೆ. ಅವರು ಅದನ್ನು ಕಚೇರಿಯ ಗೋಡೆಗೆ ಹಾಕಿಸಿದರು. ಅಂದು ನಾನು ನೆಲದ ಮೇಲೆ ನಡೆದೆನೆಂದು ಹೇಳಲಾರೆ.

ಮರುವರ್ಷ ನಮ್ಮ ಸೀಮೆಗೆ ಅಪರೂಪವಾಗಿದ್ದ ಒಳ್ಳೆಯ ಮಳೆಯಾಯಿತು. ದಸರೆ ಕಳೆದ ಒಂದು ಭಾನುವಾರ ಬೆಳಿಗ್ಗೆ ಇಬ್ಬರು ನಮ್ಮ ಮನೆಯ ಮುಂದೆ ಬಂದು ನಿಂತರು. ಒಬ್ಬಳು ನಲವತ್ತರ ಹೆಂಗಸು, ಟೇಕಲ್ ಸ್ಟೇಷನ್ನಿನ ಆಚೆಯ ಒಂದು ಸಣ್ಣ ಹಳ್ಳಿಯವಳು. ಗಂಡ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದು ವಾರಕ್ಕೊಮ್ಮೆ ಮಾತ್ರ ಬರುತ್ತಿದ್ದುದರಿಂದ ಹೊಲ, ತೋಟ, ಬಂಡಿ ಎಲ್ಲವೂ ಅವಳ ಕೈಯಲ್ಲಿದ್ದವು. ಇನ್ನೊಬ್ಬ ಅದೇ ಊರಿನ ನೀರುಗಂಟಿ. ಎಂದರೆ ಕೆರೆಯ ತೂಬನ್ನು ತೆಗೆದು ಮುಚ್ಚಿ, ಗದ್ದೆ ಗದ್ದೆಗೆ ನೀರು ಹಂಚುವವನು. ಜಗಲಿಗೆ ಬಾರೆಂದು ಕರೆದರೆ ಅವನು ಮೆಟ್ಟಿಲ ಮೇಲೆ ಕುಳಿತ. ಎರಡನೆಯ ಸಲ ಕರೆದಾಗ, "ಇಲ್ಲಿ ಗಾಳಿ ಚೆನ್ನಾಗೈತೆ ಅಯ್ನೋರೇ" ಎಂದ. ನಾನೂ ಹೋಗಿ ಮೆಟ್ಟಿಲ ಮೇಲೆಯೇ ಕುಳಿತೆ.

ಆ ಹೆಂಗಸು ಸೆರಗಿನಿಂದ ಒಂದು ಕಾಗದ ತೆಗೆದಳು. "ನೀವು ಚೆನ್ನಾಗಿ ಮಾತಾಡ್ತೀರಂತೆ, ಅರ್ಜಿ ಬರೀತೀರಂತೆ. ಇದನ್ನ ಓದಿ ಹೇಳಿ ಮೇಷ್ಟ್ರೇ. ಕೆರೆ ಏರಿ ಮೇಲೆ ರಸ್ತೆ ಮಾಡ್ಸಿ, ಕೋಡಿ ಹಳ್ಳಕ್ಕೊಂದು ಸೇತುವೆ ಕಟ್ಸಿ ಅಂತ ಊರೋರೆಲ್ಲ ಹೆಬ್ಬೆಟ್ಟು ಒತ್ತಿ ಕೊಟ್ಟಿದ್ವಿ. ಆಗಲ್ಲ ಅಂದವ್ರೆ. ಯಾಕೆ ಅಂತ ಶಾನುಭೋಗರನ್ನ ಕೇಳಿದ್ರೆ, ನಿಮ್ಗೆ ದಾರಿ ಐತಂತಲ್ಲ ಅಂತಾರೆ. ಇರೋ ದಾರಿ ಯಾವ್ದು ಅಂತ ನಮ್ಗೇ ಗೊತ್ತಿಲ್ಲ."

ಓದಿದೆ. ಸದರಿ ಗ್ರಾಮದಿಂದ ಟೇಕಲ್ ಸ್ಟೇಷನ್ನಿಗೆ ಎರಡು ಮೈಲಿಯ ಉತ್ತಮ ಬಂಡಿದಾರಿ ಈಗಾಗಲೇ ಇರುವುದರಿಂದ ಹೊಸ ರಸ್ತೆಯ ಅವಶ್ಯಕತೆ ಕಂಡುಬರುವುದಿಲ್ಲವೆಂದು ಅದರಲ್ಲಿತ್ತು. 'ಉತ್ತಮ' ಎಂಬುದು ನನ್ನ ಮಾತು. ಒಳಗೆ ಹೋಗಿ ಟಿಪ್ಪಣಿ ಪುಸ್ತಕ ತಂದು ಹುಡುಕಿದೆ. 'ಸಮತಟ್ಟು. ಗಟ್ಟಿನೆಲ. ಉತ್ತಮ' ಎಂದು ನನ್ನ ಕೈಬರಹವೇ ಇತ್ತು. ನನಗೆ ಕೊಂಚ ಬೇಸರವೂ ಆಯಿತು. ಇರುವ ದಾರಿಯನ್ನು ಇಲ್ಲವೆನ್ನುತ್ತಿದ್ದಾರಲ್ಲ ಎಂದು.

"ದಾರಿ ಇದೆಯಲ್ಲಮ್ಮ. ನಾನೇ ಸೈಕಲ್ಲಿನಲ್ಲಿ ಹೋಗಿ ಬರೆದಿದ್ದೀನಿ. ಅಂಥ ನುಣುಪಾದ ದಾರಿ ಮಾಲೂರು ತಾಲ್ಲೂಕಿನಲ್ಲೇ ಅಪರೂಪ."

ನೀರುಗಂಟಿ ತನ್ನ ಕೋಲಿನ ತುದಿಯನ್ನು ನೋಡುತ್ತ ಮೆಲ್ಲಗೆ ಕೇಳಿದ: "ಅಯ್ನೋರು ಯಾವ ಕಾಲದಲ್ಲಿ ಬಂದಿದ್ರಿ?"

"ಬೇಸಿಗೆ ರಜದಲ್ಲಿ."

ಅವನು ಅವಳ ಮುಖ ನೋಡಿದ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಏನು?" ಎಂದೆ.

"ಏನಿಲ್ಲ," ಎಂದ ಅವನು. "ಈಗೊಂದ್ಸಲ ದಯಮಾಡ್ಸಿ. ಸೈಕಲ್ಲು ಬ್ಯಾಡ. ಅಯ್ನೋರ್ಗೆ ಈಜು ಬರ್ತದಾ?"

ಮುಂದಿನ ರಜದ ದಿನ ಸಣ್ಣ ರೈಲಿನಲ್ಲಿ ಬೌರಿಂಗ್‌ಪೇಟೆಗೆ, ಎಂದರೆ ಇಂದಿನ ಬಂಗಾರಪೇಟೆಗೆ, ಹೋಗಿ, ಅಲ್ಲಿಂದ ದೊಡ್ಡ ರೈಲು ಹತ್ತಿ ಟೇಕಲ್ಲಿನಲ್ಲಿ ಇಳಿದೆ. ನನ್ನ ನಕ್ಷೆಯ ಬಂಡಿಜಾಡನ್ನು ಹಿಡಿದು ಒಂದು ಮೈಲಿಯಷ್ಟು ನಡೆದೆ. ಜಾಡು ಒಂದು ಇಳಿಜಾರನ್ನು ಇಳಿಯಿತು. ಎರಡು ಗಾಲಿಗಳ ಗುರುತು ಸ್ಪಷ್ಟವಾಗಿ ಮುಂದೆ ಸಾಗಿ ನೀರಿನೊಳಗೆ ಹೋಯಿತು. ಎದುರಿಗೆ ಕಣ್ಣು ಹಾಯುವಷ್ಟು ದೂರ ನೀರು. ನಡುವೆ ಅಲ್ಲಲ್ಲಿ ಜಾಲಿಮರಗಳ ತಲೆಗಳು ಮಾತ್ರ ಕಾಣುತ್ತಿದ್ದವು. ಆ ಮರಗಳ ನೆರಳಿನಲ್ಲಿ ನಾನು ಸೈಕಲ್ಲು ನಿಲ್ಲಿಸಿ ಬುತ್ತಿ ತಿಂದಿದ್ದೆ. ನಾನು ಬರೆದದ್ದು ರಸ್ತೆಯಲ್ಲ, ಒಣಗಿದ ಕೆರೆಯ ಅಂಗಳ.

ನಮ್ಮ ಕಡೆ ಕೆರೆ ಒಣಗಿದೊಡನೆ ಬಂಡಿಗಳು ಸುತ್ತುದಾರಿ ಬಿಟ್ಟು ಅಂಗಳಕ್ಕೆ ಇಳಿಯುತ್ತವೆ. ಮಳೆ ಸೋತ ವರ್ಷಗಳು ಎರಡು ಮೂರು ಒಟ್ಟಿಗೆ ಬಂದರೆ ಆ ಜಾಡು ಗಟ್ಟಿಯಾಗಿ, ಯಾವ ರಸ್ತೆಗೂ ಕಡಿಮೆಯಿಲ್ಲದಂತೆ ಕಾಣುತ್ತದೆ. ನಾನು ಆ ಜಿಲ್ಲೆಯಲ್ಲೇ ಹುಟ್ಟಿ ಬೆಳೆದವನು. ಇದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಆ ಬೇಸಿಗೆಯಲ್ಲಿ ನನ್ನ ಕಣ್ಣು ಚಕ್ರದ ಮೇಲಿತ್ತು.

ಆಚೆ ದಡಕ್ಕೆ ಸುತ್ತಿ ಬರಲು ಏರಿಯ ಮೇಲೆ ನಡೆಯಬೇಕಾಯಿತು. ಏರಿ ಬಂಡಿ ಹೋಗುವಷ್ಟು ಅಗಲವಿರಲಿಲ್ಲ. ಅದರ ತುದಿಯಲ್ಲಿ, ಹೆಚ್ಚಾದ ನೀರು ಹೊರಬೀಳುವ ಕೋಡಿಯ ಹಳ್ಳ ತೊಡೆಯ ಮಟ್ಟ ಹರಿಯುತ್ತಿತ್ತು. ಕೋಡಿಯ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಕೆರೆ ತುಂಬಿದ್ದಕ್ಕೆ ಊರವರು ಗಂಗಮ್ಮನ ಪೂಜೆ ಮಾಡಿ ವಾರವಾಗಿರಲಿಲ್ಲ. ಆ ಹೆಂಗಸು ತಲೆಯ ಮೇಲೆ ಹುರುಳಿಕಾಯಿಯ ಬುಟ್ಟಿ ಹೊತ್ತು, ಸೀರೆ ಎತ್ತಿ ಕಟ್ಟಿ, ನೀರುಗಂಟಿಯ ಕೋಲು ಹಿಡಿದು ಹಳ್ಳ ದಾಟುತ್ತಿದ್ದಳು. ಬಂಡಿಯಲ್ಲಿ ಒಂದೇ ಸಲಕ್ಕೆ ಹೋಗಬೇಕಾದದ್ದು ಹೀಗೆ ಬುಟ್ಟಿ ಬುಟ್ಟಿಯಾಗಿ ಹೋಗುತ್ತಿತ್ತು. ಬಂಡಿ ಕಟ್ಟಿದರೆ ಏಳು ಮೈಲಿ ಸುತ್ತಬೇಕು. ಅಷ್ಟರಲ್ಲಿ ಬೆಂಗಳೂರಿನ ಬೆಳಗಿನ ರೈಲು ಹೊರಟಿರುತ್ತದೆ, ಸಂಜೆಯ ಹೊತ್ತಿಗೆ ಕಾಯಿ ಬಾಡಿರುತ್ತದೆ. ತೋಟದ ಬದಿಯಲ್ಲಿ ಬಾಡಿದ ಕಾಯಿಯ ರಾಶಿಯನ್ನು ಹಸುಗಳು ಮೇಯುತ್ತಿದ್ದವು.

"ರಾಂಡಿ ಮೇಷ್ಟ್ರೇ, ರಾಂಡಿ," ಎಂದು ಅವಳು ತೆಲುಗಿನಲ್ಲೇ ಬರಮಾಡಿಕೊಂಡಳು.

"ಅಯ್ನೋರು ನನ್ ನೀರಿನ್ ಮ್ಯಾಲೇ ಗೆರೆ ಎಳ್ದವ್ರೆ," ಎಂದ ನೀರುಗಂಟಿ. "ನಮ್ ತಾತನ ಕಾಲದಿಂದ ಯಾರ ಕೈಲೂ ಆಗಿರ್ಲಿಲ್ಲ."

"ನಿಮ್ಮೂರಿನವರನ್ನ ಕೇಳಿಯೇ ಬರೆದೆನಲ್ಲಪ್ಪ," ಎಂದೆ. "ಸ್ಟೇಷನ್ನಿಗೆ ದಾರಿ ಇದೇನಾ ಎಂದರೆ ಎಲ್ಲರೂ ಹೌದು ಎಂದರು."

"ಬೇಸಿಗೇಲಿ ಇದೇ ದಾರಿ, ಅದ್ಕೇ ಹೌದು ಅಂದ್ರು. ಮಳೆಗಾಲಕ್ಕೆ ಯಾವ್ದು ಅಂತ ನೀವು ಕೇಳ್ಲಿಲ್ಲ, ಅವರು ಹೇಳ್ಲಿಲ್ಲ. ಕೆರೇಲಿ ನೀರು ನಿಲ್ತದೆ ಅಂತ ಓದ್ಕೊಂಡೋರ್ಗೆ ಯಾರು ಹೇಳ್ಕೊಡ್ತಾರೆ?"

ವಾದದಲ್ಲಿ ನಾನು ಪಳಗಿದವನು. ಅಂದು ವಾದಕ್ಕೆ ಇಳಿಯಲಿಲ್ಲ. ಕಚೇರಿಯ ಗೋಡೆಯ ಮೇಲಿರುವುದು ನನ್ನದೇ ನಕ್ಷೆಯೆಂದೂ, ಅರ್ಜಿ ಬಿದ್ದುಹೋದದ್ದು ನನ್ನ ಒಂದು ಗೆರೆಯಿಂದಲೆಂದೂ ಇಬ್ಬರಿಗೂ ತಿಳಿಸಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಆಕೆ ಬುಟ್ಟಿಯನ್ನು ಕೆಳಗಿಟ್ಟು, ಸೀರೆಯ ನೀರು ಹಿಂಡುತ್ತ, "ಹಂಗಾದ್ರೆ ನೀವೇ ಅಳಿಸ್ಬೇಕು" ಎಂದಳು.

ಮನೆಗೆ ಬಂದು ಟಿಪ್ಪಣಿ ಪುಸ್ತಕಗಳನ್ನೆಲ್ಲ ಹರಡಿಕೊಂಡು ಕುಳಿತೆ. ಇಷ್ಟು ವರ್ಷಗಳಲ್ಲಿ ನಾನು ಬರೆದ ಒಂದು ದಾರಿಯೂ ಬೇಸಿಗೆಯ ಹೊರಗಿನದಾಗಿರಲಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಲೇ ಹೇಳಿದಳು: "ನಿಮ್ಮ ರಜ ದಾರಿಗಳಿಗೇನು ಗೊತ್ತು? ಮಳೆಗಾಲದಲ್ಲಿ ನೀವು ಸ್ಕೂಲಿನಲ್ಲಿರ್ತೀರಿ, ಅವು ನೀರಿನಲ್ಲಿರ್ತವೆ."

ಆ ವಾರ ನಾನು ಧೈರ್ಯವಾಗಿದ್ದೆನೆಂದು ಹೇಳುವುದು ಸುಳ್ಳಾಗುತ್ತದೆ. ಒಂದು ಗೆರೆ ತಪ್ಪೆಂದು ಒಪ್ಪಿಕೊಂಡರೆ ಇಡೀ ನಕ್ಷೆಯನ್ನು ಮಡಿಸಿಡುತ್ತಾರೆ. ನನ್ನನ್ನು ನಂಬಿ ತಮ್ಮ ಜಿಲ್ಲೆಗಳಲ್ಲಿ ತಿರುಗುತ್ತಿದ್ದ ಗೆಳೆಯರಿಗೂ ನಗೆಪಾಟಲು. ಆ ಒಂದು ಗೆರೆಯನ್ನು ಸದ್ದಿಲ್ಲದೆ ತಿದ್ದಿಸಿಬಿಡೋಣವೆಂಬ ಆಲೋಚನೆಯೂ ಬಂದುಹೋಯಿತು. ಆದರೆ ಸದ್ದಿಲ್ಲದೆ ತಿದ್ದಿದ ನಕ್ಷೆಯಿಂದ ಸದ್ದಿಲ್ಲದೆ ತಿರಸ್ಕೃತವಾದ ಅರ್ಜಿ ಮತ್ತೆ ಬದುಕುವುದಿಲ್ಲ. ಊರಿನವರಿಂದ ಹೊಸ ಅರ್ಜಿ ಬರೆಸಿ, ಸಮಿತಿ ಸೇರುವ ದಿನ ಅವರಿಬ್ಬರನ್ನೂ ಕರೆದುಕೊಂಡು ಹೋದೆ.

ಅಧ್ಯಕ್ಷರು ವೃದ್ಧರು, ಮಿತಭಾಷಿಗಳು. ಕಾರ್ಯದರ್ಶಿ ಚುರುಕು ಮನುಷ್ಯ. ನಾನು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದೆ. ಕಾರ್ಯದರ್ಶಿಗಳು ಗೋಡೆಯ ಕಡೆ ಕೈ ತೋರಿಸಿದರು.

"ಮೇಷ್ಟ್ರೇ, ಕಣ್ಣಾರೆ ಕಾಣದ ಗೆರೆ ಒಂದೂ ಇಲ್ಲ ಅಂತ ಇಲ್ಲೇ ನಿಂತು ಹೇಳಿದ್ರಿ."

"ಕಂಡದ್ದನ್ನೇ ಬರೆದೆ. ಯಾವ ತಿಂಗಳಲ್ಲಿ ಕಂಡೆ ಎಂದು ಬರೆಯಲಿಲ್ಲ."

"ಒಂದು ಹೀಗಾದ್ರೆ, ಉಳಿದವನ್ನ ನಾವು ಹೇಗೆ ನಂಬೋದು?"

"ನಂಬಬೇಡಿ," ಎಂದೆ. "ಮಳೆಗಾಲದಲ್ಲಿ ಮತ್ತೊಮ್ಮೆ ಸುತ್ತಿ ತಿದ್ದುವವರೆಗೆ ಅದನ್ನು ಗೋಡೆಯಿಂದ ಇಳಿಸಿಬಿಡಿ. ಆದರೆ ನನ್ನ ತಪ್ಪಿಗೆ ಈ ಊರು ಹಳ್ಳ ದಾಟುವುದು ಬೇಡ. ಆ ಕೆರೆಯನ್ನು ನನಗಿಂತ ಬಲ್ಲವನು ಹೊರಗೆ ನಿಂತಿದ್ದಾನೆ. ದಯವಿಟ್ಟು ಅವನ ಮಾತು ಕೇಳಿ."

ನೀರುಗಂಟಿ ಬಾಗಿಲ ಹೊರಗಿದ್ದ. ಕಾರ್ಯದರ್ಶಿಗಳು ಅಧ್ಯಕ್ಷರ ಮುಖ ನೋಡಿದರು. ಅನಂತರ ಅಧ್ಯಕ್ಷರೇ, "ಒಳಗೆ ಬಾಪ್ಪ" ಎಂದರು.

ಅವನು ಬಂದು ನನ್ನ ಪಕ್ಕದಲ್ಲಿ ನಿಂತ. "ದಸರಾ ಹೊತ್ಗೆ ತುಂಬಿದ್ರೆ ಯುಗಾದಿ ಗಂಟ ಅಂಗಳಕ್ಕೆ ಬಂಡಿ ಇಳಿಯಾಕಾಗಲ್ಲ ಸ್ವಾಮಿ. ಅಲ್ಲಿಂದಾಚೆಗೂ ಒಂದು ತಿಂಗ್ಳು ಕೆಸರು."

"ಪ್ರತಿ ವರ್ಷ ತುಂಬುತ್ತೇನು?" ಎಂದರು ಕಾರ್ಯದರ್ಶಿ.

"ಇಲ್ಲ. ತುಂಬ್ಲಿ ಅಂತಾನೇ ಎಲ್ಲಾರೂ ಹರಕೆ ಹೊರೋದು."

"ತುಂಬದ ವರ್ಷ ದಾರಿ ಇದ್ದೇ ಇದೆಯಲ್ಲ, ಮತ್ತೇಕೆ ಸೇತುವೆ?"

ಆಗ ಆ ಹೆಂಗಸು ಮುಂದೆ ಬಂದಳು. "ಸ್ವಾಮಿ, ಕೆರೆ ತುಂಬಿದ್ರೆ ಕಾಯಿ ಬರ್ತದೆ, ದಾರಿ ಇರಲ್ಲ. ತುಂಬ್ದಿದ್ರೆ ದಾರಿ ಇರ್ತದೆ, ಹೊತ್ಕೊಂಡೋಗಾಕೆ ಕಾಯಿ ಇರಲ್ಲ. ಕಾಯೀನೂ ದಾರೀನೂ ಒಂದೇ ವರ್ಷ ಸಿಕ್ಕೋ ಹಂಗೆ ಮಾಡಿ."

ನಾನು ಸಿದ್ಧಪಡಿಸಿಕೊಂಡು ಹೋಗಿದ್ದ ಐದು ವಾದಗಳು ಜೇಬಿನಲ್ಲೇ ಉಳಿದವು. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. "ನಾಡಿದ್ದು ಬರ್ತೀನಿ," ಎಂದರು. "ನೀರು ಇಳಿಯೋದರೊಳಗೇ ನೋಡ್ಬೇಕು."

ಹೇಳಿದಂತೆ ಬಂದರು, ಕಾರ್ಯದರ್ಶಿಗಳೂ ಬಂದರು. ಹಳ್ಳ ದಾಟುವಾಗ ಕಾರ್ಯದರ್ಶಿಗಳ ಜೋಡುಗಳನ್ನು ನೀರುಗಂಟಿ ಹಿಡಿದುಕೊಂಡಿದ್ದ. ಅವರು ಅವನ ಹೆಗಲನ್ನು ಹಿಡಿದುಕೊಂಡಿದ್ದರು. ಆಚೆ ದಡ ಸೇರುವಷ್ಟರಲ್ಲಿ ಅವರು ಪೂರ್ತಿಯಾಗಿ ನಮ್ಮ ಪಕ್ಷದವರಾಗಿದ್ದರು. ಜೊತೆಗೆ ಬಂದಿದ್ದ ಓವರ್ಸಿಯರು ಏರಿಯ ಉದ್ದಕ್ಕೂ ಸರಪಳಿ ಹಾಕಿ ಅಳೆದರು. ಏರಿಯನ್ನು ಅಗಲಮಾಡಿ ಗರಸು ಹಾಕುವುದಕ್ಕೂ, ಕೋಡಿಯ ಹಳ್ಳಕ್ಕೆ ಕಲ್ಲಿನ ಸಣ್ಣ ಸೇತುವೆ ಕಟ್ಟುವುದಕ್ಕೂ ಮಂಜೂರಾತಿ ದೊರೆಯಿತು. ಟೇಕಲ್ ಬೆಟ್ಟದ ಕಡೆಯಿಂದ ಕಲ್ಲು ಸಾಗಿಸುವುದು ಊರಿನ ಬಂಡಿಗಳ ಪಾಲು. ಆ ಬೇಸಿಗೆಯಲ್ಲಿ ಕೆರೆ ಒಣಗಿದಾಗ, ನಾನು ತಪ್ಪಾಗಿ ಬರೆದ ಜಾಡಿನ ಮೇಲೆಯೇ ಸೇತುವೆಯ ಕಲ್ಲುಗಳು ಬಂದವು.

ನಕ್ಷೆಯನ್ನು ಗೋಡೆಯಿಂದ ಇಳಿಸಿದರು. ಮನೆಗೆ ತಂದು ಪ್ರತಿ ದಾರಿಯ ಮುಂದೂ ತಿಂಗಳಿನ ಅಂಕಣವೊಂದನ್ನು ಹೊಸದಾಗಿ ಸೇರಿಸಿದೆ. ಮಳೆಗಾಲದ ಭಾನುವಾರಗಳಲ್ಲಿ ಕಾಲ್ನಡೆಯಲ್ಲಿ ಹೊರಟು, ಊರಿಗೆ ಹೋದೊಡನೆ ಪಟೇಲರನ್ನು ಕೇಳುವುದಕ್ಕೆ ಮೊದಲು ನೀರುಗಂಟಿಯನ್ನು ಕೇಳುವುದನ್ನು ಕಲಿತೆ. ನೀರುಗಂಟಿಗಳ ಮನೆಗಳ ಮುಂದೆ ಕುಳಿತು, ಅವರು ಕೊಟ್ಟ ನೀರು ಕುಡಿದು, ಯಾವ ದಾರಿ ಎಷ್ಟು ದಿನ ಬದುಕಿರುತ್ತದೆಂಬುದನ್ನು ಬರೆದುಕೊಂಡೆ. ಸಹಪಾಠಿಗಳಿಗೂ ನನ್ನ ತಪ್ಪನ್ನು ವಿವರಿಸಿ ಬರೆದೆ. ಅವರಲ್ಲೊಬ್ಬ ಎರಡು ವಾರಗಳ ನಂತರ ಉತ್ತರಿಸಿದ: ಅವನ ಜಿಲ್ಲೆಯಲ್ಲಿ ಅಂಥವು ಒಂಬತ್ತು ಸಿಕ್ಕಿದ್ದವು. ರಾಷ್ಟ್ರದ ಹೆದ್ದಾರಿ ಹೇಗೂ ಬರುತ್ತದೆ, ಅದನ್ನು ಬರೆಯಲು ದೊಡ್ಡವರಿದ್ದಾರೆ; ಅದಕ್ಕೆ ಸೇರಬೇಕಾದ ಕೊನೆಯ ಎರಡು ಮೈಲಿಯನ್ನು ನಾವು ಸರಿಯಾಗಿ ಬರೆದರೆ ಸಾಕು ಎಂದು ಅವನಿಗೆ ಮರುಟಪಾಲಿನಲ್ಲಿ ತಿಳಿಸಿದೆ. ಇಂದಿಗೂ ನನ್ನ ಅಭಿಪ್ರಾಯ ಅದೇ.

ಸೇತುವೆಯಾದ ಮರುವರ್ಷ ಕೆರೆ ಅರ್ಧವೂ ತುಂಬಲಿಲ್ಲ. ಅದರ ಮುಂದಿನ ವರ್ಷ ಕೋಡಿ ಬಿತ್ತೆಂದು ಸುದ್ದಿ ಬಂತು. ಶನಿವಾರವೇ ಹೋಗಿ ಆ ಊರಿನಲ್ಲಿ ತಂಗಿ, ಬೆಳಗಾಗುತ್ತಲೇ ಸೇತುವೆಯ ಹತ್ತಿರ ಹೋಗಿ ನಿಂತೆ. ನೀರುಗಂಟಿ ಆಗಲೇ ಅಲ್ಲಿದ್ದ. ಕೆಳಗೆ ನೀರು ಕಲ್ಲಿಗೆ ಬಡಿದು ನೊರೆಯಾಗಿ ಹರಿಯುತ್ತಿತ್ತು. ಊರಿನ ಕಡೆಯಿಂದ ಬಂಡಿ ಬರುವುದು ಕಾಣಿಸಿತು. ಹಗ್ಗ ಹಿಡಿದು ಕುಳಿತಿದ್ದವಳು ಅವಳೇ. ಬುಟ್ಟಿಗಳು ಅವಳ ಹೆಗಲಿನ ಎತ್ತರಕ್ಕೆ ಏರಿದ್ದವು. ಎರಡು ಮಾತು ಆಡಬೇಕೆಂದು ನಾನು ಕೈಯೆತ್ತಿದೆ.

"ನಿಲ್ಸಾಕಾಗಲ್ಲ ಮೇಷ್ಟ್ರೇ," ಎಂದಳು ಅವಳು, ಎತ್ತುಗಳಿಂದ ಕಣ್ಣು ತೆಗೆಯದೆ. "ರೈಲು ಬರ್ತದೆ, ಸ್ಟೇಷನ್ನಿನ ಕೈಮರ ಬಿದ್ದೈತೆ, ಅಗೋ."

ನಾವಿಬ್ಬರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟೆವು.